ಇಪ್ಪತ್ತು ಗುಂಟೆ ಚೌಳು

ಮೈಸೂರಿನ ಒಂಟಿಕೊಪ್ಪಲು ಅಂದರೆ ಹಳ್ಳಿ ಜನಕ್ಕೆ ಮೊದಲು ನೆನಪಾಗುವುದು ಪಂಚಾಂಗ. ಒಂಟಿಕೊಪ್ಪಲ್ ಪಂಚಾಂಗ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಮದುವೆಗೆ ಮುಹೂರ್ತ ಅದರಲ್ಲೇ ನೋಡಬೇಕು. ಯಾವ ಮಳೆ ಯಾವತ್ತು ಹುಟ್ಟುತ್ತದೆ ಅನ್ನುವುದನ್ನೂ ಅದರಲ್ಲೇ ನೋಡಬೇಕು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಅಂತ ಒಂದೊಂದಾಗಿ ಬರೆದಿರುತ್ತದೆ. ಆದರೆ ಮಳೆ ಬಿದ್ದ ಮೇಲೆ ಆ ನೀರನ್ನು ನಮ್ಮ ಮಣ್ಣು ಕುಡಿಯುತ್ತದೋ ಇಲ್ಲವೋ? ಅದನ್ನು ಮಣ್ಣನ್ನೇ ಕೇಳಬೇಕು.

ನಾವು ಒಂಟಿಕೊಪ್ಪಲಿನಲ್ಲಿ ಸಂಜೆ ಹೊತ್ತು ಕೂಡಿ ಓದುವ ಹೆಂಗಸರು. ನಮ್ಮಲ್ಲಿ ಮನೆಗೆಲಸ ಮಾಡುವವರಿದ್ದೇವೆ, ಹೂ ಕಟ್ಟುವವರಿದ್ದೇವೆ, ಸೊಪ್ಪು ಮಾರುವವರಿದ್ದೇವೆ. ಇರುವುದು ಪೇಟೆಯಲ್ಲಿ. ಆದರೆ ಮುಕ್ಕಾಲು ಪಾಲು ಜನರ ತವರು ಹಳ್ಳಿ. ಒಬ್ಬರದು ಶ್ರೀರಂಗಪಟ್ಟಣದ ಕಡೆ, ಒಬ್ಬರದು ಪಾಂಡವಪುರದ ಕಡೆ, ಇನ್ನೊಬ್ಬರದು ತಿರುಮಕೂಡಲು ನರಸೀಪುರದ ಕಡೆ. ಎಲ್ಲರೂ ಕಾವೇರಿ ನೀರು ಕುಡಿದು ಬೆಳೆದವರು.

ಒಂದು ಸಂಜೆ ನಮ್ಮ ಗುಂಪಿನ ಅಕ್ಕ ಒಬ್ಬರು ಮಡಚಿದ ಕಾಗದ ಹಿಡಿದು ಬಂದರು. ಅವರ ತವರು ಬನ್ನೂರಿನ ಕಡೆ. ಅಪ್ಪ ತೀರಿಕೊಂಡಿದ್ದರು. ಜಮೀನು ಪಾಲಾಗಿತ್ತು. ಅಕ್ಕನ ಪಾಲಿಗೆ ಹೊಳೆ ಕಡೆಯ ತಗ್ಗು ಗದ್ದೆ, ಇಪ್ಪತ್ತು ಗುಂಟೆ, ಅಂದರೆ ಅರ್ಧ ಎಕರೆ ಬಂದಿತ್ತು. ನಾಲೆ ನೀರು ಇದೆ. ಆದರೂ ಅಣ್ಣ ಹೇಳಿದರಂತೆ: "ಅದು ಚೌಳು ಕಣವ್ವ. ಅದ್ರಲ್ಲಿ ಹುಲ್ಲೂ ಬರಾಕಿಲ್ಲ. ನೀನ್ ತಕಂಡು ಏನ್ ಮಾಡೀಯೆ? ಒಂದ್ ಸೈನ್ ಹಾಕ್ಬುಡು, ಅಷ್ಟೋ ಇಷ್ಟೋ ಕೊಡ್ತೀನಿ."

ಅಕ್ಕ ನಮಗೆ ಹೇಳಿದ್ದು ಇದು: "ಹೆಬ್ಬೆಟ್ಟು ಒತ್ತೋ ಕಾಲ್ದಲ್ಲಾಗಿದ್ರೆ ಒತ್ಬುಟ್ಟು ಬಂದ್ಬುಡ್ತಿದ್ದೆ. ಈಗ ಓದಾಕ್ ಬತ್ತದಲ್ಲ. ಅದ್ಕೇ ಅನ್ಮಾನ."

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. 2005ರಲ್ಲಿ ಇಡೀ ದೇಶದ ಹಿಂದೂ ಕುಟುಂಬಗಳಿಗೆ ಬಂತು. ಕಾನೂನು ಪಾಲು ಕೊಡಿಸುತ್ತದೆ. ಯಾವ ಗದ್ದೆ ಎಂದು ಆರಿಸಿ ಕೊಡಿಸುವುದಿಲ್ಲ. ಹೆಣ್ಣಿನ ಪಾಲಿಗೆ ಚೌಳೇ ಯಾಕೆ ಬರುತ್ತದೆ ಅನ್ನುವುದು ಬೇರೆ ಮಾತು. ಅದನ್ನು ಇನ್ನೊಂದು ದಿನ ಆಡೋಣ. ಅವತ್ತು ನಾವು ಕೇಳಿಕೊಂಡದ್ದು ಇಷ್ಟೇ: ಚೌಳು ಅಂದರೆ ಏನು? ಅದು ಸತ್ತ ಮಣ್ಣೋ, ಕಾಯಿಲೆ ಬಿದ್ದ ಮಣ್ಣೋ?

ಚೌಳು ನಮಗೆ ಹೊಸದಲ್ಲ. ಹಿಂದೆ ಮಡಿವಾಳರು ಚೌಳು ಮಣ್ಣನ್ನು ಹುಡುಕಿಕೊಂಡು ಹೋಗುತ್ತಿದ್ದರು. ಗುಡಿಸಿ ತಂದು, ನೀರಲ್ಲಿ ಕದಡಿ, ಬಟ್ಟೆ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಕೊಳೆ ಬಿಡುತ್ತಿತ್ತು. ಸೋಪು ಬರುವ ಮೊದಲು ನಮ್ಮೂರಿನ ಸೋಪು ಅದೇ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ಮಾಡುತ್ತಿದ್ದರು. ಆ ಗಾಜು ಕರಗುವುದಕ್ಕೂ ಚೌಳೇ ಬೇಕಿತ್ತು. ನಮ್ಮ ಅಜ್ಜಿಯರ ಕೈಬಳೆಯಲ್ಲಿ ಚೌಳು ಗದ್ದೆ ಇತ್ತು ಅನ್ನಿ.

ಬಟ್ಟೆಯ ಕೊಳೆ ತೆಗೆಯುವುದು, ಗಾಜು ಕರಗಿಸುವುದು ಎರಡೂ ಸೋಡದ ಕೆಲಸ. ಚೌಳಿನಲ್ಲಿ ಸೋಡ ಇದೆ. ಪುಸ್ತಕದಲ್ಲಿ ಇದನ್ನು ಕ್ಷಾರ ಮಣ್ಣು ಎಂದು ಬರೆಯುತ್ತಾರೆ. ಉತ್ತರ ಕರ್ನಾಟಕದವರು ಸವಳು ಅನ್ನುತ್ತಾರೆ. ನೀರು ನಿಂತು ಕೆಟ್ಟ ನೆಲಕ್ಕೆ ಜವಳು ಅನ್ನುತ್ತಾರೆ. ಎರಡೂ ಅಕ್ಕತಂಗಿಯರ ಹಾಗೆ, ಒಬ್ಬಳು ಬಂದರೆ ಹಿಂದೆ ಇನ್ನೊಬ್ಬಳು ಬರುತ್ತಾಳೆ.

ಗುರುತು ಹೇಗೆ?

ಚೌಳಿನಲ್ಲಿ ಎರಡು ಬಗೆ ಇದೆ. ಒಂದು ಬಿಳಿ ಚೌಳು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಹಿಟ್ಟು ಬರುತ್ತದೆ. ಇದರಲ್ಲಿ ನಾನಾ ಉಪ್ಪು ಇರುತ್ತದೆ. ಇನ್ನೊಂದು ಕರಿ ಚೌಳು. ನೆಲದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು ಕಲೆ ಇರುತ್ತದೆ. ಮಣ್ಣಿನೊಳಗಿನ ಗೊಬ್ಬರದ ಸಾರವನ್ನು ಸೋಡ ಕರಗಿಸಿ ಮೇಲಕ್ಕೆ ತಂದು ಬಿಟ್ಟಿರುತ್ತದೆ. ಅದೇ ಆ ಕಪ್ಪು. ಇದು ಮೊದಲನೆಯದಕ್ಕಿಂತ ಹಟದ ಮಣ್ಣು. ಅಕ್ಕನ ಗದ್ದೆಯಲ್ಲಿ ಇದ್ದದ್ದು ಇದೇ.

ಮಳೆ ಬಂದರೆ ಕರಿ ಚೌಳಿನ ಮೇಲೆ ನೀರು ದಿನಗಟ್ಟಲೆ ನಿಲ್ಲುತ್ತದೆ. ನಿಂತ ನೀರು ತಿಳಿಯಾಗುವುದಿಲ್ಲ, ಬಗ್ಗಡವಾಗೇ ಇರುತ್ತದೆ. ಅಷ್ಟು ನೀರು ನಿಂತರೂ ಒಂದು ಗೇಣು ಕೆಳಗೆ ಅಗೆದರೆ ಮಣ್ಣು ಒಣಗಿರುತ್ತದೆ! ಒದ್ದೆಯಾದಾಗ ಕಾಲಿಗೆ ಅಂಟುತ್ತದೆ, ಜಾರುತ್ತದೆ. ಒಣಗಿದಾಗ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಬೀಜ ಮೊಳೆತರೂ ಆ ಹೆಂಟೆಯನ್ನು ಒಡೆದು ಮೇಲೆ ಬರಲಾರದು.

ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ನಾವು ಮಾಡಿ ನೋಡಿದೆವು.

ಒಂದು, ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಗೆ ಒಂದು ಹಿಡಿ ಮಣ್ಣು ಹಾಕಿ. ಮಳೆ ನೀರು ತುಂಬಿ. ಚೆನ್ನಾಗಿ ಕುಲುಕಿ ಇಡಿ. ಒಳ್ಳೆ ಗದ್ದೆಯ ಮಣ್ಣು ರಾತ್ರಿ ಕಳೆಯುವುದರೊಳಗೆ ಬಹುಪಾಲು ತಳ ಸೇರುತ್ತದೆ. ಬಿಳಿ ಚೌಳಿನ ಮಣ್ಣು ಅದಕ್ಕಿಂತ ಬೇಗ ಸೇರುತ್ತದೆ, ಮೇಲೆ ನೀರು ತಿಳಿಯಾಗುತ್ತದೆ. ಕರಿ ಚೌಳು ಮಾತ್ರ ಬೆಳಗಾದರೂ ಹಾಲು ಬೆರೆಸಿದ ಕಾಫಿಯ ಹಾಗೇ ಇರುತ್ತದೆ. ಅಕ್ಕ ತಂದ ಮಣ್ಣಿನ ಬಾಟಲಿ ನಾಲ್ಕು ದಿನ ನಮ್ಮ ಕಿಟಕಿಯ ಮೇಲೆ ಹಾಗೇ ಇತ್ತು.

ಎರಡು, ಅರಿಶಿನ ಪರೀಕ್ಷೆ. ಆರತಿಗೆ ಓಕುಳಿ ನೀರು ಹೇಗೆ ಮಾಡುತ್ತೇವೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಸೀರೆ ಮೇಲೆ ಸಾರಿನ ಕಲೆ ಆದಾಗ ಸೋಪು ಹಾಕಿ ಉಜ್ಜಿದರೂ ಅಷ್ಟೇ, ಹಳದಿ ಕಲೆ ಕೆಂಪಾಗುತ್ತದೆ. ಸುಣ್ಣ, ಸೋಪು, ಸೋಡ ಇವೆಲ್ಲ ಕ್ಷಾರದ ಕುಲ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಒಂದು ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಅದರ ಮೇಲೆ ಒದ್ದೆ ಮಾಡಿದ ಚೌಳು ಮಣ್ಣು ಇಡಿ. ಸ್ವಲ್ಪ ಹೊತ್ತು ಬಿಟ್ಟು ಕಾಗದ ತಿರುಗಿಸಿ ನೋಡಿ. ಹಿಂಭಾಗ ಕೆಂಪು ತಿರುಗಿದರೆ ಕ್ಷಾರ ಬಲವಾಗಿದೆ ಎಂದು ತಿಳಿಯಿರಿ. ಸೋಪು ಹಚ್ಚಿದ ಕೈಯಲ್ಲಿ ಮಾತ್ರ ಮಾಡಬೇಡಿ. ನಮ್ಮಲ್ಲೊಬ್ಬರು ಪಾತ್ರೆ ತೊಳೆದ ಕೈಯಲ್ಲೇ ಮಾಡಿ, ಒಂಟಿಕೊಪ್ಪಲಿನ ಹೂಕುಂಡದ ಮಣ್ಣನ್ನೂ ಚೌಳು ಅಂದುಬಿಟ್ಟಿದ್ದರು.

ಅಡುಗೆಮನೆಯಲ್ಲೇ ಇದೆ ಉತ್ತರ

ಸೋಡ ಇದ್ದರೆ ಮಣ್ಣಿಗೆ ಏನು ಕಷ್ಟ? ಅದಕ್ಕೆ ಉತ್ತರ ನಮ್ಮ ಒಲೆಯ ಮೇಲಿದೆ.

ಅವರೆಕಾಳು ಬೇಯದಿದ್ದರೆ ನಾವು ಏನು ಮಾಡುತ್ತೇವೆ? ಚಿಟಿಕೆ ಅಡುಗೆ ಸೋಡ ಹಾಕುತ್ತೇವೆ. ಕಾಳು ಬೇಗ ಬೆಂದು ನುಣ್ಣಗಾಗುತ್ತದೆ. ಹೆಚ್ಚಾದರೆ ಒಡೆದು ಗಂಜಿಯಾಗುತ್ತದೆ. ಅದೇ ಕಾಳನ್ನು ಗಡಸು ನೀರಿನಲ್ಲಿ ಬೇಯಿಸಿದರೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಗಡಸು ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. ಅದಕ್ಕೆ ಕ್ಯಾಲ್ಸಿಯಂ ಅನ್ನುತ್ತಾರೆ. ಕ್ಯಾಲ್ಸಿಯಂ ಹಿಡಿದು ಕಟ್ಟುತ್ತದೆ. ಸೋಡದಲ್ಲಿ ಇರುವುದು ಸೋಡಿಯಂ. ಅದು ಕಟ್ಟು ಬಿಡಿಸುತ್ತದೆ.

ಮಣ್ಣಿನಲ್ಲೂ ಇದೇ ನಡೆಯುತ್ತದೆ. ಒಳ್ಳೆ ಮಣ್ಣನ್ನು ಕೈಗೆ ತಗೊಂಡು ನೋಡಿ. ಉದುರು ಉಪ್ಪಿಟ್ಟಿನ ಹಾಗೆ ಕಾಳುಕಾಳಾಗಿರುತ್ತದೆ. ಕ್ಯಾಲ್ಸಿಯಂ ಜೇಡಿ ಮಣ್ಣಿನ ಸಣ್ಣ ಕಣಗಳನ್ನು ಹಿಡಿದು ಗುಂಪು ಮಾಡಿರುತ್ತದೆ. ಗುಂಪು ಗುಂಪಿನ ನಡುವೆ ಸಂದು ಇರುತ್ತದೆ. ಆ ಸಂದಿನಲ್ಲಿ ನೀರು ಇಳಿಯುತ್ತದೆ, ಗಾಳಿ ಆಡುತ್ತದೆ, ಬೇರು ಓಡಾಡುತ್ತದೆ. ಸೋಡಿಯಂ ಹೆಚ್ಚಾದರೆ ಕ್ಯಾಲ್ಸಿಯಂನ ಜಾಗವನ್ನು ಅದು ಹಿಡಿಯುತ್ತದೆ. ಗುಂಪು ಒಡೆಯುತ್ತದೆ. ಕಣಗಳು ಚದರಿ ಸಂದುಗಳನ್ನೆಲ್ಲ ಮೆತ್ತಿಬಿಡುತ್ತವೆ. ಉಪ್ಪಿಟ್ಟು ಹೋಗಿ ಗಂಜಿಯಾಯಿತು. ಗಂಜಿ ಒಣಗಿ ಪಾತ್ರೆಗೆ ಹಿಡಿದರೆ ಉಗುರಿಗೂ ಬರುವುದಿಲ್ಲವಲ್ಲ, ಹಾಗೇ ಈ ಮಣ್ಣು.

ಇನ್ನೊಂದು ಕಷ್ಟವೂ ಇದೆ. ಕ್ಷಾರ ಹೆಚ್ಚಾದರೆ ಮಣ್ಣಿನಲ್ಲಿರುವ ಸತು, ಕಬ್ಬಿಣ ಪೈರಿಗೆ ಸಿಕ್ಕುವುದಿಲ್ಲ. ಮಣ್ಣಿನಲ್ಲಿ ಇರುತ್ತದೆ, ಆದರೆ ನೀರಿನಲ್ಲಿ ಕರಗುವುದಿಲ್ಲ. ಬೀರುವಿನಲ್ಲಿ ಹಣ ಇದ್ದು ಬೀಗದ ಕೈ ಗಂಡನ ಹತ್ತಿರ ಇದ್ದ ಹಾಗೆ. ನಾಟಿ ಮಾಡಿ ಎರಡು ಮೂರು ವಾರಕ್ಕೆ ಭತ್ತದ ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಕುಳ್ಳಾದರೆ ಅದು ಸತುವಿನ ಕೊರತೆ. ದೃಷ್ಟಿ ಆಯಿತು ಎಂದು ನಿವಾಳಿಸಿದರೆ ಹೋಗುವುದಿಲ್ಲ.

ಹೊಳೆ ದಡಕ್ಕೆ ಸೋಡ ಎಲ್ಲಿಂದ ಬಂತು?

ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅಲ್ಲಿ ಮಣ್ಣು ಹುಳಿ. ಅಲ್ಲಿನ ಕಾಫಿ ತೋಟಕ್ಕೆ ಸುಣ್ಣ ಹಾಕುತ್ತಾರೆ. ಅದೇ ಹೊಳೆ ಬನ್ನೂರಿಗೆ ಬರುವ ಹೊತ್ತಿಗೆ ದಡದ ತಗ್ಗಿನಲ್ಲಿ ಕ್ಷಾರ. ಹೊಳೆ ಒಂದೇ. ವ್ಯತ್ಯಾಸ ಮಳೆಯದು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅಷ್ಟು ಮಳೆ ಮಣ್ಣಿನ ಕ್ಷಾರವನ್ನೆಲ್ಲ ತೊಳೆದುಬಿಡುತ್ತದೆ. ಮೈಸೂರಿನಲ್ಲಿ ಸುಮಾರು 800, ಮಂಡ್ಯದಲ್ಲಿ ಸುಮಾರು 700. ಇಷ್ಟು ಮಳೆ ಕ್ಷಾರವನ್ನು ಕಲ್ಲಿನಿಂದ ಬಿಡಿಸುತ್ತದೆ, ಆದರೆ ಸಮುದ್ರಕ್ಕೆ ಸಾಗಿಸುವುದಿಲ್ಲ. ಅರ್ಧ ದಾರಿಯಲ್ಲಿ ಬಿಡುತ್ತದೆ.

ಹೊಳೆಯಿಂದ ಊರಿನ ಕಡೆ ಹತ್ತಿ ನೋಡಿ. ನೆಲ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಸಾವಿರಾರು ವರ್ಷ ಹೊಳೆ ತನ್ನ ಪಾತ್ರ ಕೊರೆದುಕೊಂಡು ಕೆಳಗಿಳಿದಿದೆ. ಇಳಿಯುವಾಗ ಹಳೆಯ ದಡವನ್ನು ಮೆಟ್ಟಿಲಾಗಿ ಬಿಟ್ಟಿದೆ. ಮೇಲಿನ ಮೆಟ್ಟಿಲಿನಲ್ಲಿ ಕೆಮ್ಮಣ್ಣು, ಮರಳು ಹೆಚ್ಚು, ನೀರು ಬೇಗ ಇಂಗುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಹೊಳೆ ತಂದು ಹಾಕಿದ ನುಣ್ಣನೆ ಮೆಕ್ಕಲು, ಜೇಡಿ ಹೆಚ್ಚು. ಮೇಲೆ ಇಂಗಿದ ನೀರು ದಾರಿಯಲ್ಲಿ ಕಲ್ಲು ಮಣ್ಣಿನ ಸೋಡವನ್ನು ಕರಗಿಸಿಕೊಂಡು ಒಳಗೊಳಗೇ ಕೆಳಗಿನ ಗದ್ದೆಗೆ ಬಸಿಯುತ್ತದೆ. ಅಲ್ಲಿ ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಸೋಡ ಉಳಿಯುತ್ತದೆ. ಹಂಡೆಯಲ್ಲಿ ದಿನಾ ನೀರು ಕಾಯಿಸಿದರೆ ಒಳಗೆ ಬೆಳ್ಳಗೆ ಹಕ್ಕಳೆ ಕಟ್ಟುವುದಿಲ್ಲವೇ? ಹಾಗೆ.

ನಾಲೆ ಬಂದ ಮೇಲೆ ಇದು ಜೋರಾಯಿತು. ಕಾವೇರಿಗೆ ನಾಲೆ ಹೊಸದಲ್ಲ. ಶ್ರೀರಂಗಪಟ್ಟಣದ ಸುತ್ತ ಬಂಗಾರದೊಡ್ಡಿ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ ಎಲ್ಲ ಕನ್ನಂಬಾಡಿ ಕಟ್ಟೆಗಿಂತ ಹಳೆಯವು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿಯಿತು. ವಿಶ್ವೇಶ್ವರಯ್ಯ ನಾಲೆ ಹರಿದು ಮಂಡ್ಯ ಹಸಿರಾಯಿತು. ರಾಗಿ ಬೆಳೆಯುತ್ತಿದ್ದ ಕಡೆ ಭತ್ತ, ಕಬ್ಬು ಬಂತು. ಅನ್ನ ಕಾಣದ ಮನೆ ಅನ್ನ ಕಂಡಿತು. ಇದನ್ನು ನಾವು ಮರೆಯಬಾರದು. ಆದರೆ ನೀರು ತರುವ ಕಾಲುವೆಯನ್ನು ತೋಡಿದ ಹಾಗೆ, ನೀರು ಹೊರಗೆ ಬಿಡುವ ಬಸಿಗಾಲುವೆಯನ್ನು ಎಲ್ಲ ಕಡೆ ತೋಡಲಿಲ್ಲ. ತೋಡಿದ್ದನ್ನೂ ಒತ್ತುವರಿ ಮಾಡಿ ಮುಚ್ಚಿದರು. ನೀರು ಸಿಗುತ್ತದೆ ಎಂದು ವರ್ಷವಿಡೀ ಗದ್ದೆ ತುಂಬಿಸಿದರು. ಮೇಲಿನವರು ತುಂಬಿಸಿದ್ದು ಕೆಳಗಿನವರ ಗದ್ದೆಯಲ್ಲಿ ಚೌಳಾಗಿ ಎದ್ದಿತು.

ನಮ್ಮ ಕಾವೇರಿಗಿಂತ ತುಂಗಭದ್ರೆಯ ಕಡೆ ಇದು ದೊಡ್ಡ ಕಷ್ಟ. ಅಲ್ಲಿ 1953ರಲ್ಲಿ ಅಣೆಕಟ್ಟು ಮುಗಿಯಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಕಪ್ಪು ಎರೆಮಣ್ಣು. ಬಹಳಷ್ಟು ಜಮೀನು ಸವಳು ಜವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೇ ಕೆಲಸ ನಡೆದಿದೆ. ನೆಲದೊಳಗೆ ತೂತಿನ ಕೊಳವೆ ಹೂತು ಉಪ್ಪು ನೀರನ್ನು ಬಸಿದು ತೆಗೆಯುವುದನ್ನು ಅಲ್ಲಿ ಮಾಡಿ ತೋರಿಸಿದ್ದಾರೆ. ದೇಶದಲ್ಲಿ ಒಟ್ಟು ಸುಮಾರು 67 ಲಕ್ಷ ಹೆಕ್ಟೇರ್ ಚೌಳು ಇದೆ ಎಂದು ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೋಡದ ಚೌಳು. ಇದಕ್ಕೆಂದೇ 1969ರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಇನ್ನೂ ಹಿಂದೆ ಹೋದರೆ, ನಾಲ್ಕು ಸಾವಿರ ವರ್ಷದ ಕೆಳಗೆ ಈಗಿನ ಇರಾಕ್ ದೇಶದ ಹೊಳೆ ದಡದಲ್ಲೂ ನಾಲೆ ನೀರು ಹರಿಸಿ ಹರಿಸಿ ನೆಲಕ್ಕೆ ಉಪ್ಪು ಏರಿತು. ಗೋಧಿ ಬೆಳೆಯುತ್ತಿದ್ದವರು ಅದು ಬರದೆ ಉಪ್ಪು ತಡೆಯುವ ಜವೆಗೋಧಿಗೆ ಇಳಿದರು. ಹಾಗಾಗಿ ಬನ್ನೂರಿನ ಅಕ್ಕನ ಗದ್ದೆ ಒಂಟಿಯಲ್ಲ.

ಚೀಟಿ ಓದುವುದು

ಮನೆ ಪರೀಕ್ಷೆ ಅನುಮಾನ ಹೇಳುತ್ತದೆ. ಅಳತೆ ಹೇಳುವುದಿಲ್ಲ. ಅಳತೆಗೆ ಮಣ್ಣನ್ನು ಕಳಿಸಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟರೆ ಅವರು ಕಳಿಸುತ್ತಾರೆ. ಪಹಣಿಯ ನಕಲು ಜೊತೆಯಲ್ಲಿರಲಿ.

ಮಣ್ಣು ತೆಗೆಯುವುದರಲ್ಲಿ ತಪ್ಪಿದರೆ ಚೀಟಿಯೂ ತಪ್ಪು ಹೇಳುತ್ತದೆ. ಗದ್ದೆಯಲ್ಲಿ ಎಂಟು ಹತ್ತು ಕಡೆ ಅರ್ಧ ಅಡಿ ಆಳಕ್ಕೆ ಗುಣಿ ತೆಗೆಯಿರಿ. ಗುಣಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿ ಮಣ್ಣು ಕೆರೆದು ತೆಗೆಯಿರಿ. ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಮಣ್ಣು ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೆ ಮಾಡಿ. ನೆರಳಲ್ಲಿ ಒಣಗಿಸಿ. ಗೊಬ್ಬರದ ಚೀಲದಲ್ಲಿ ಮಾತ್ರ ಕಟ್ಟಬೇಡಿ. ಚೌಳು ಗದ್ದೆಯಾದರೆ ಮೇಲಿನ ಹಕ್ಕಳೆಯನ್ನು ಬೇರೆ ಕಟ್ಟಿ. ಅರ್ಧ ಅಡಿಯ ಕೆಳಗಿನ ಮಣ್ಣನ್ನೂ ಬೇರೆ ಕಟ್ಟಿ, ಆಳದಲ್ಲಿ ಏನಿದೆ ಎಂದು ಗೊತ್ತಾಗಬೇಕು. ಕೊಳವೆಬಾವಿ ನೀರು ಹಾಯಿಸುವವರು ನೀರನ್ನೂ ಒಂದು ಬಾಟಲಿ ಕೊಡಿ. ಸೋಪು ಚೆನ್ನಾಗಿ ನೊರೆ ಬರುತ್ತದೆ, ನೀರು ಒಳ್ಳೇದು ಅನ್ನುತ್ತೇವೆ. ಬಟ್ಟೆಗೆ ಒಳ್ಳೇದು. ಸೋಡ ಇದ್ದರೂ ನೊರೆ ಚೆನ್ನಾಗೇ ಬರುತ್ತದೆ!

2015ರಿಂದ ಕೊಡುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹನ್ನೆರಡು ಸಾಲು ಇರುತ್ತದೆ. ಅಕ್ಕನ ಚೀಟಿ ಬಂದಾಗ ನಾವೆಲ್ಲ ಸುತ್ತ ಕೂತು ಓದಿದೆವು. ಮೊದಲನೇ ಸಾಲು ರಸಸಾರ. ಅದನ್ನೇ ಪಿ.ಎಚ್. ಅನ್ನುವುದು. ಅದರ ಮುಂದೆ 9.2 ಎಂದು ಇತ್ತು.

7 ಅಂದರೆ ಸಮ. ಶುದ್ಧ ನೀರು ಹಾಗಿರುತ್ತದೆ. ಅದಕ್ಕಿಂತ ಕಡಿಮೆ ಆದರೆ ಹುಳಿ. ನಿಂಬೆಹಣ್ಣಿನ ರಸ 2ರ ಹತ್ತಿರ. ಹೆಚ್ಚಾದರೆ ಕ್ಷಾರ. ಸುಣ್ಣದ ತಿಳಿ 12ರ ಹತ್ತಿರ. ಬಹಳ ಪೈರುಗಳಿಗೆ ಆರೂವರೆಯಿಂದ ಏಳೂವರೆ ಹಿತ. 8.5 ದಾಟಿದರೆ ಸೋಡದ ಚೌಳು ಎಂದು ಲೆಕ್ಕ. ಇಲ್ಲಿ ಒಂದು ಮೋಸ ಇದೆ. 8ರಿಂದ 9ಕ್ಕೆ ಹೋದರೆ ಒಂದೇ ಒಂದು ಹೆಚ್ಚಾಯಿತು ಅನ್ನಿಸುತ್ತದೆ. ಹಾಗಲ್ಲ. ಈ ಲೆಕ್ಕದಲ್ಲಿ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು.

ಎರಡನೇ ಸಾಲು ವಿದ್ಯುತ್ ವಾಹಕತೆ. ಹೆಸರು ಭಯ ಹುಟ್ಟಿಸುತ್ತದೆ. ಅರ್ಥ ಇಷ್ಟೇ: ಮಣ್ಣಿನಲ್ಲಿ ಕರಗುವ ಉಪ್ಪು ಎಷ್ಟಿದೆ. ಅಕ್ಕನದು 0.8. ಉಪ್ಪು ಜಾಸ್ತಿ ಇಲ್ಲ, ಸೋಡ ಜಾಸ್ತಿ ಇದೆ. ಬಾಟಲಿ ಹೇಳಿದ್ದನ್ನೇ ಚೀಟಿಯೂ ಹೇಳಿತು. ಸಾವಯವ ಇಂಗಾಲ ಕಡಿಮೆ, ಅಂದರೆ ಮಣ್ಣಿನಲ್ಲಿ ಸೊಪ್ಪು ಗೊಬ್ಬರದ ಅಂಶ ಸಾಲದು. ಸತು ಕಡಿಮೆ. ರಸಸಾರ 8.5 ದಾಟಿದ್ದರೆ ಒಂದು ಮಾತು ಕೇಳಲೇಬೇಕು: "ಸಾರ್, ಈ ಮಣ್ಣಿಗೆ ಜಿಪ್ಸಂ ಎಷ್ಟು ಬೇಕು ಅಂತ ಪರೀಕ್ಷೆ ಮಾಡ್ಸಿಕೊಡಿ." ಅದು ಆ ಹನ್ನೆರಡು ಸಾಲಿನಲ್ಲಿ ಇಲ್ಲ. ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ.

ಮದ್ದು

ಜಿಪ್ಸಂ ಅಂದರೆ ಏನು? ನಾವು ಬೋರ್ಡಿನ ಮೇಲೆ ಅ ಆ ಬರೆದು ಕಲಿತ ಬಳಪ ಇದೆಯಲ್ಲ, ಸೀಮೆಸುಣ್ಣ, ಅದು ಜಿಪ್ಸಂನಿಂದಲೇ ಆದದ್ದು. ಹೆಸರಿನಲ್ಲಿ ಸುಣ್ಣ ಇದೆ, ಸುಡುವ ಸುಣ್ಣ ಅಲ್ಲ. ಇದು ಕ್ಷಾರ ಹೆಚ್ಚಿಸುವುದಿಲ್ಲ. ಇದರಲ್ಲಿ ಕ್ಯಾಲ್ಸಿಯಂ ಇದೆ, ಗಂಧಕವೂ ಇದೆ. ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲೆ ಕೂತಿರುವ ಸೋಡಿಯಂ ಅನ್ನು ಎಬ್ಬಿಸಿ ತನ್ನ ಜಾಗಕ್ಕೆ ತಾನು ಬರುತ್ತದೆ. ಎದ್ದ ಸೋಡಿಯಂ ನೀರಿನಲ್ಲಿ ಕರಗಿ ಹೊರಡುತ್ತದೆ.

ಹೊರಡುವುದಕ್ಕೆ ದಾರಿ ಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಜಿಪ್ಸಂ ತಂದು ಚೆಲ್ಲಿ, "ಏನೂ ಆಗ್ಲಿಲ್ಲ, ದುಡ್ಡು ದಂಡ" ಅನ್ನುತ್ತಾರೆ. ಬಸಿಗಾಲುವೆ ಇಲ್ಲದಿದ್ದರೆ ಎದ್ದ ಸೋಡ ಅಲ್ಲೇ ಸುತ್ತಾಡಿ ಬೇಸಿಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ. ಇನ್ನು ಕೆಲವರು ಜಿಪ್ಸಂ ಹಾಕದೆ ಬರೀ ನೀರು ಕಟ್ಟಿ ತೊಳೆಯಲು ನೋಡುತ್ತಾರೆ. ಬಿಳಿ ಚೌಳಿಗೆ ಅದು ಸರಿ. ಕರಿ ಚೌಳಿಗೆ ಬರೀ ನೀರು ಹಾಕಿದರೆ ಅದು ಇನ್ನಷ್ಟು ಮೆತ್ತಿಕೊಳ್ಳುತ್ತದೆ.

ಅಕ್ಕನ ಗದ್ದೆಗೆ ಎಕರೆಗೆ ಎರಡು ಟನ್ ಎಂದು ಬಂತು. ಲೆಕ್ಕ ನಾವೇ ಮಾಡಿದೆವು. ಎರಡು ಟನ್ ಅಂದರೆ 2000 ಕೆ.ಜಿ. ಅರ್ಧ ಎಕರೆಗೆ 1000 ಕೆ.ಜಿ. 50 ಕೆ.ಜಿ. ಮೂಟೆಯಾದರೆ 20 ಮೂಟೆ. ಗುಂಟೆಗೆ ಒಂದು ಮೂಟೆ! ಬೇರೆ ಗದ್ದೆಗೆ ಬೇರೆ ಲೆಕ್ಕ ಬರುತ್ತದೆ. ಪಕ್ಕದವರು ಹಾಕಿದಷ್ಟು ನಾವೂ ಹಾಕೋಣ ಅನ್ನುವುದು ಬೇಡ.

ಕೆಲಸ ಹೀಗೆ. ಗದ್ದೆ ಮಟ್ಟ ಮಾಡಬೇಕು. ಉಬ್ಬು ತಗ್ಗು ಇದ್ದರೆ ಉಬ್ಬಿನ ಮೇಲೆ ಚೌಳು ಉಳಿಯುತ್ತದೆ. ಬದು ಗಟ್ಟಿ ಮಾಡಬೇಕು. ಜಿಪ್ಸಂ ಪುಡಿಯನ್ನು ಸಮನಾಗಿ ಎರಚಿ, ಮೇಲಿನ ನಾಲ್ಕು ಬೆರಳು ಮಣ್ಣಿಗೆ ಬೆರೆಸಬೇಕು. ಆಳವಾಗಿ ಉತ್ತರೆ ಮದ್ದು ಚದರಿಹೋಗುತ್ತದೆ. ಆಮೇಲೆ ಹತ್ತು ಹದಿನೈದು ದಿನ ನಾಲೆ ನೀರು ಕಟ್ಟಬೇಕು. ನಿಧಾನಕ್ಕೆ ನೀರು ಇಂಗಿ ಬಸಿಗಾಲುವೆಗೆ ಬರುತ್ತದೆ. ಆಮೇಲೆ ಭತ್ತದ ನಾಟಿ.

ಭತ್ತವೇ ಯಾಕೆ? ಅದಕ್ಕೆ ನಿಂತ ನೀರಿನ ಭಯ ಇಲ್ಲ. ಅದರ ಬೇರು ಬಿಡುವ ಉಸಿರು ಮಣ್ಣಿನಲ್ಲಿರುವ ಸುಣ್ಣದ ಹರಳನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಹಾಗಾಗಿ ಬೆಳೆಯೂ ಬರುತ್ತದೆ, ಮದ್ದೂ ಆಗುತ್ತದೆ. ಚೌಳು ತಡೆಯುವ ಭತ್ತದ ತಳಿಗಳನ್ನು ಕರ್ನಾಲಿನ ಸಂಸ್ಥೆ ಕೊಟ್ಟಿದೆ, ಸಿ.ಎಸ್.ಆರ್. 10 ಅಂಥದ್ದೊಂದು. ನಮ್ಮ ಕಡೆಗೆ ಯಾವುದು ಸರಿ ಎಂದು ಮಂಡ್ಯದ ವಿ.ಸಿ. ಫಾರಂನಲ್ಲಿ ಕೇಳಿ. ಚೌಳಿಗೆ ಎಳೆ ಪೈರು ನೆಡಬೇಡಿ, ಸಾಯುತ್ತದೆ. ತಿಂಗಳು ದಾಟಿದ ಪೈರನ್ನು ಗುಣಿಗೆ ಮೂರು ನಾಲ್ಕರಂತೆ ನೆಡಿ. ಸತುವಿನ ಸಲ್ಫೇಟ್ ಎಕರೆಗೆ 8 ಕೆ.ಜಿ. ಹಾಕಿ. ನಾಟಿಗೆ ಮೊದಲು ಡಯಾಂಚ ಬಿತ್ತಿ, ಹೂ ಬಿಡುವ ಮೊದಲೇ ಮಣ್ಣಿಗೆ ತುಳಿದರೆ ಬಹಳ ಒಳ್ಳೇದು. ಅದು ಚೌಳಿನಲ್ಲೂ ಬೆಳೆಯುವ ಗಟ್ಟಿ ಗಿಡ. ಹೊಂಗೆ ಸೊಪ್ಪು ಸಿಕ್ಕಿದರೆ ಅದೂ ಆಗುತ್ತದೆ. ಅವರೆ, ಹೆಸರು, ಉದ್ದು ಇವಕ್ಕೆ ಚೌಳು ಆಗುವುದಿಲ್ಲ. ರಾಗಿ ಸ್ವಲ್ಪ ತಡೆಯುತ್ತದೆ.

ಒಂದು ಮಾತು ಮಾತ್ರ ನಮ್ಮ ಹೆಂಗಸರಿಗೇ ಹೇಳಬೇಕು. ಒಲೆ ಬೂದಿ. ಬೂದಿ ಗೊಬ್ಬರ ಎಂದು ಕುಕ್ಕೆಯಲ್ಲಿ ಹೊತ್ತು ಗದ್ದೆಗೆ ಚೆಲ್ಲುವವರು ನಾವು. ಕೊಡಗಿನ ಹುಳಿ ಮಣ್ಣಿಗೆ ಅದು ಒಳ್ಳೇದು. ಬೂದಿಯೂ ಕ್ಷಾರವೇ. ಅರಿಶಿನಕ್ಕೆ ಬೂದಿ ನೀರು ಹಾಕಿ ನೋಡಿ, ಕೆಂಪಾಗುತ್ತದೆ. ಚೌಳು ಗದ್ದೆಗೆ ಬೂದಿ ಹಾಕುವುದು ಉರಿಯುವ ಗಾಯಕ್ಕೆ ಖಾರ ಸವರಿದ ಹಾಗೆ. ಸುಣ್ಣವೂ ಬೇಡ. ಮೇಲಿನ ಹಕ್ಕಳೆ ಕೆರೆದು ಪಕ್ಕದ ಗದ್ದೆಗೆ ಎಸೆಯುವುದಂತೂ ಬೇಡವೇ ಬೇಡ.

ಅಕ್ಕ ಆ ಕಾಗದಕ್ಕೆ ಸೈನ್ ಹಾಕಲಿಲ್ಲ. ಆದರೆ ಜಗಳವೂ ಆಡಲಿಲ್ಲ. ಚೀಟಿ ಹಿಡಿದು ಅಣ್ಣನ ಮನೆಗೆ ಹೋದರು. ಕಷ್ಟ ಇದ್ದದ್ದು ಬಸಿಗಾಲುವೆಯಲ್ಲಿ. ನೀರು ಹಳ್ಳಕ್ಕೆ ಹೋಗಬೇಕಾದರೆ ಅಣ್ಣನ ಗದ್ದೆಯ ಅಂಚಿನಲ್ಲೇ ತೋಡಬೇಕು. ಅಣ್ಣ ಮೊದಲು ಒಪ್ಪಲಿಲ್ಲ. "ನನ್ನ ಗದ್ದೆ ಯಾಕ್ ಕೆಡುಸ್ಕೊಳ್ಳಿ?" ಅಂದರು. ಅಕ್ಕ ಅವರ ಗದ್ದೆಯ ಕೆಳಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿ ಎರಡು ವರ್ಷದಿಂದ ಪೈರು ಕುಳ್ಳಾಗುತ್ತಿತ್ತು. ಅತ್ತಿಗೆಯೇ ಮುಂದೆ ನಿಂತು ಅರಿಶಿನ ಕಾಗದ ಇಟ್ಟು ನೋಡಿದರು. ಕೆಂಪಾಯಿತು. ಚೌಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು. ಆ ಬೇಸಿಗೆಯಲ್ಲಿ ಇಬ್ಬರೂ ಸೇರಿ ಕಾಲುವೆ ತೋಡಿಸಿದರು.

ಮೊದಲ ವರ್ಷ ಭತ್ತ ಅಲ್ಲಲ್ಲಿ ಬೋಳು ಬಿಟ್ಟು ಬಂತು. ಜಿಪ್ಸಂ ಸಾಲದ ಕಡೆ ಸಸಿ ನಿಲ್ಲಲಿಲ್ಲ. ಖರ್ಚು ಕಳೆದು ಕೈಗೆ ಏನೂ ಉಳಿಯಲಿಲ್ಲ. ಹುಲ್ಲು ಸಿಕ್ಕಿತು. ಎರಡನೇ ವರ್ಷ ಬೋಳು ಕಡಿಮೆಯಾಯಿತು. ಮಳೆ ನೀರು ನಿಂತರೆ ಈಗ ಮೂರನೇ ದಿನಕ್ಕೆ ಇಳಿಯುತ್ತದೆ. ಅಕ್ಕ ಬದುವಿನ ಮೇಲೆ ಅವರೆ ಹಾಕಿ ನೋಡಿದರು. ಎತ್ತರದ ಬದುವಿನಲ್ಲಿ ಬಂತು, ತಗ್ಗಿನಲ್ಲಿ ಬರಲಿಲ್ಲ. ಬಂದಷ್ಟು ಅವರೆಯನ್ನು ಒಂಟಿಕೊಪ್ಪಲಿಗೆ ತಂದು ನಮಗೆಲ್ಲ ಹಂಚಿದರು. ಸೋಡ ಹಾಕದೆಯೇ ಬೆಂದಿತು.

ಈ ವರ್ಷ ಮತ್ತೆ ಮಣ್ಣು ತೆಗೆದು ಕಳಿಸಿದ್ದಾರೆ. ಈ ಸಲ ಎರಡು ಚೀಲ, ಒಂದು ಅಕ್ಕನದು, ಒಂದು ಅಣ್ಣನದು. ಚೀಲದ ಮೇಲೆ ಹೆಸರು, ಸರ್ವೆ ನಂಬರ್ ಬರೆದದ್ದು ಅಕ್ಕನೇ. ಚೀಟಿ ಇನ್ನೂ ಬಂದಿಲ್ಲ.